ನಿನ್ನ ಮಗನ ಮೀಸೆ, ನೇತ್ರಾಣಿಯ ನೀರು

ಮುರುಡೇಶ್ವರ,
ಜನವರಿ, ಶನಿವಾರ ಸಂಜೆ

ಅಕ್ಕ,

ವಿಡಿಯೊ ಕಾಲಿನಲ್ಲಿ ಮಗನ ಮುಖ ಕಂಡ ಕೂಡಲೇ "ಮೀಸಿ ಎಲ್ಲಿ ಹೋತೋ?" ಅಂತ ನೀನು ಚೀರಿದ್ದು ಇಲ್ಲಿನ ಬೋಟಿನ ಹುಡುಗರಿಗೆಲ್ಲ ಕೇಳಿಸಿತು. ಅವನು ನಗುತ್ತ ಫೋನ್ ಇಟ್ಟುಬಿಟ್ಟ. ಉತ್ತರ ಹೇಳುವ ಕೆಲಸ ನಿನ್ನ ತಮ್ಮನ ಪಾಲಿಗೆ ಬಂತು. ಮೀಸೆಯ ಕಥೆ ಮುಂದೆ ಬರುತ್ತದೆ. ಮೊದಲು ನಿನ್ನ ಭಯದ ಮಾತು.

2024ರ ಡಿಸೆಂಬರಿನಲ್ಲಿ ಇದೇ ಮುರುಡೇಶ್ವರದ ದಂಡೆಯಲ್ಲಿ ಮುಳಬಾಗಿಲು ಕಡೆಯಿಂದ ಶಾಲೆಯ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ನೀರುಪಾಲಾದರು. ಅದೇ ವರ್ಷದ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಮುಳುಗುತಜ್ಞ ಈಶ್ವರ್ ಮಲ್ಪೆ ಕೆಂಪು ನೀರಿನ ಗಂಗಾವಳಿ ನದಿಗೆ ಇಳಿದು ಕಾಣೆಯಾದವರನ್ನು ಹುಡುಕಿದ್ದನ್ನು ನೀನು ಟಿವಿ ಮುಂದೆ ಕೂತು ನೋಡಿದ್ದೆ. ಈ ಎರಡೂ ಸೇರಿ ನಿನ್ನ ತಲೆಯಲ್ಲಿ ಒಂದು ಚಿತ್ರ ಕೂತಿದೆ: ಸಮುದ್ರ ಅಂದರೆ ಎಳೆದುಕೊಂಡು ಹೋಗುವುದು, ಮುಳುಗುವವರು ಅಂದರೆ ಹೆಣ ಹುಡುಕುವವರು. ನಿನ್ನ ಮಗ ಕಲಿಯುತ್ತಿರುವುದು ಆ ಎರಡೂ ಅಲ್ಲ, ಸ್ಕೂಬಾ: ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿಯಲ್ಲಿ ಉಸಿರಾಡುತ್ತ ಈಜುವುದು. ಸ್ಕೂಬಾದವರು ಇಲ್ಲಿ ಅಲೆ ಬಡಿಯುವ ದಂಡೆಯಿಂದ ನೀರಿಗಿಳಿಯುವುದಿಲ್ಲ. ಬೋಟಿನಲ್ಲಿ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪಕ್ಕೆ ಹೋಗಿ, ಅದರ ಮರೆಯಲ್ಲಿ ಲಂಗರು ಹಾಕಿ ಇಳಿಯುತ್ತಾರೆ. ಮಳೆಗಾಲದಲ್ಲಿ ಬೋಟೇ ಹೊರಡುವುದಿಲ್ಲ. ಹಾಗಂತ ಅಪಾಯವೇ ಇಲ್ಲ ಅಂತಲ್ಲ, ಅಪಾಯದ ಜಾತಿ ಬೇರೆ.

ಊರಿನ ವರ್ಣನೆ ಬೇಡ ಬಿಡು. 123 ಅಡಿ ಎತ್ತರದ ಶಿವನನ್ನೂ ಇಪ್ಪತ್ತು ಅಂತಸ್ತಿನ ರಾಜಗೋಪುರವನ್ನೂ ನೀನು ಕ್ಯಾಲೆಂಡರಿನಲ್ಲೇ ನೋಡಿರುವೆ. ನೇತ್ರಾಣಿ ಮಾತ್ರ ಅಷ್ಟು ಪರಿಚಯವಿರಲಿಕ್ಕಿಲ್ಲ. ಪಾರಿವಾಳ ದ್ವೀಪ ಎಂಬ ಇನ್ನೊಂದು ಹೆಸರೂ ಅದಕ್ಕಿದೆ. ಮೇಲಿನಿಂದ ನೋಡಿದರೆ ಹೃದಯದ ಆಕಾರ. ನೌಕಾಪಡೆಯವರು ಇದನ್ನೇ ಗುರಿಯಾಗಿಟ್ಟು ಗುಂಡು ಹಾರಿಸುವ ಅಭ್ಯಾಸ ಮಾಡುತ್ತಿದ್ದರು. ಬಂಡೆಗಳ ಮೇಲೆ ಆಡುಗಳಿವೆ, ಹರಕೆಗೆ ಬಿಟ್ಟವು ಅಂತ ಬೋಟಿನವರು ಹೇಳುತ್ತಾರೆ. ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮರುವರ್ಷ, 2022ರ ಅಕ್ಟೋಬರಿನಲ್ಲಿ ತೆರೆಕಂಡ 'ಗಂಧದ ಗುಡಿ'ಯಲ್ಲಿ ಅಪ್ಪು ಕಡಲಿಗೆ ಇಳಿಯುತ್ತಾನಲ್ಲ, ಅದು ಇಲ್ಲೇ. ನಿನ್ನ ಮಗನ ತಲೆಗೆ ಈ ಹುಳ ಹೊಕ್ಕದ್ದೂ ಆ ಚಿತ್ರ ನೋಡಿದ ಮೇಲೆಯೇ.

ಇಲ್ಲಿಗೆ ಬರುವ ಬಹುಪಾಲು ಜನ ಒಂದೇ ದಿನದ ಗಿರಾಕಿಗಳು. ಈಜು ಬರದಿದ್ದರೂ ನಡೆಯುತ್ತದೆ. ಇನ್‌ಸ್ಟ್ರಕ್ಟರ್ ಬೆನ್ನಿನ ಸಿಲಿಂಡರ್ ಹಿಡಿದು, ಹೆಚ್ಚೆಂದರೆ 12 ಮೀಟರ್ ಆಳದೊಳಗೆ ತಿರುಗಾಡಿಸಿ, ವಿಡಿಯೊ ತೆಗೆದು ಮೇಲೆ ತರುತ್ತಾರೆ. ಕೈಗೊಂದು ಪ್ರಮಾಣಪತ್ರವೂ ಸಿಗಬಹುದು. ಅದನ್ನು ಲೈಸೆನ್ಸ್ ಅಂದುಕೊಂಡು ಫೇಸ್‌ಬುಕ್ಕಿಗೆ ಹಾಕುವವರಿದ್ದಾರೆ. ಅದು ಜಾತ್ರೆಯ ಫೋಟೊ ಅಷ್ಟೇ. ನಿನ್ನ ಮಗ ಸೇರಿರುವುದು 'ಓಪನ್ ವಾಟರ್' ಕೋರ್ಸಿಗೆ. ಅಮೆರಿಕದಲ್ಲಿ 1966ರಲ್ಲಿ ಶುರುವಾದ ಪ್ಯಾಡಿ, 1970ರ ಎಸ್‌ಎಸ್‌ಐ, ಹೀಗೆ ಕೆಲವು ಸಂಸ್ಥೆಗಳ ಪಠ್ಯ ಪ್ರಪಂಚದಲ್ಲೆಲ್ಲ ಹೆಚ್ಚುಕಡಿಮೆ ಒಂದೇ: ಪುಸ್ತಕದ ಪಾಠ, ಈಜುಕೊಳದ ಪಾಠ, ಆಮೇಲೆ ಸಮುದ್ರದಲ್ಲಿ ನಾಲ್ಕು ಡೈವ್. ಪಾಸಾದರೆ ಜೊತೆಗಾರನೊಂದಿಗೆ 18 ಮೀಟರ್‌ವರೆಗೆ ಇಳಿಯಲು ಯೋಗ್ಯ ಎನ್ನುವ ಕಾರ್ಡು. ಒಬ್ಬನೇ ಇಳಿಯುವ ಮಾತೇ ಇಲ್ಲ.

ನೀರು ಮುಟ್ಟುವ ಮೊದಲು ಒಂದು ಫಾರ್ಮ್ ತುಂಬಬೇಕು. ಎದೆ, ಉಸಿರು, ಕಿವಿ, ಸೈನಸ್, ಫಿಟ್ಸ್, ಸಕ್ಕರೆ ಕಾಯಿಲೆ, ಒಂದೊಂದನ್ನೇ ಕೇಳುತ್ತದೆ. ಸಣ್ಣವನಿದ್ದಾಗ ತೊಗರಿ ರಾಶಿಯ ಧೂಳಿಗೆ ಅವನಿಗೆ ದಮ್ಮು ಹತ್ತುತ್ತಿತ್ತಲ್ಲ, ಅದನ್ನು ಮುಚ್ಚಿಡಬೇಕೋ ಬರೆಯಬೇಕೋ ಅಂತ ಅರ್ಧ ಗಂಟೆ ಒದ್ದಾಡಿದ. ಕೊನೆಗೆ ಬರೆದ. ಹಾಗೆ ಬರೆದರೆ ಡಾಕ್ಟರ ಸಹಿ ಬೇಕು. ಡಾಕ್ಟರು ಶ್ವಾಸದ ಪರೀಕ್ಷೆ ಮಾಡಿಸಿ, ಎದೆ ಆಲಿಸಿ, ಇಷ್ಟು ವರ್ಷಗಳಿಂದ ತೊಂದರೆಯಿಲ್ಲ ಎಂಬುದನ್ನು ಖಾತ್ರಿ ಮಾಡಿಕೊಂಡೇ ಸಹಿ ಹಾಕಿದರು. ಫಾರ್ಮಿನಲ್ಲಿ ಎಲ್ಲದಕ್ಕೂ 'ಇಲ್ಲ' ಎಂದು ಗೀಚಿ ಹೋಗುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನೀರಿನಡಿಯಲ್ಲಿ ದಮ್ಮು ಹತ್ತಿದರೆ ಕಿಟಕಿ ತೆಗೆಯುವವರು ಯಾರು?

ಈಜಿನ ಪರೀಕ್ಷೆ ಅವನಿಗೆ ಆಟ. ಹೇಗಾದರೂ ಸರಿ, ನಿಲ್ಲದೆ 200 ಮೀಟರ್ ಈಜಬೇಕು, ಅವಸರವಿಲ್ಲ. ಆಮೇಲೆ ಹತ್ತು ನಿಮಿಷ ತೇಲಬೇಕು. ತೋಟದ ಬಾವಿಯಲ್ಲಿ ಬೆನ್ನಿಗೆ ಸೋರೆ ಬುರುಡೆ ಕಟ್ಟಿಕೊಂಡು ಕಲಿತವನು, ಚಂದ್ರಂಪಳ್ಳಿ ಕೆರೆಯಲ್ಲೂ ಬಿದ್ದು ಎದ್ದವನು. ಈಜಿದ. ಸುಮ್ಮನೆ ತೇಲುವುದು ಮಾತ್ರ ಅವನಿಗೆ ಶಿಕ್ಷೆಯಾಯಿತು.

ಆದರೆ ಅದೇ ಬಾವಿ ಇಲ್ಲಿ ಅವನಿಗೆ ವೈರಿಯಾಯಿತು, ಅಕ್ಕ. ಬಾವಿಯಲ್ಲಿ ನಮ್ಮ ಹುಡುಗರ ಪಂದ್ಯ ಏನು? ಎದೆ ತುಂಬ ಉಸಿರು ಹಿಡಿದು ತಳ ಮುಟ್ಟುವುದು, ಎಸೆದ ನಾಣ್ಯ ತರುವುದು, ಯಾರು ಹೆಚ್ಚು ಹೊತ್ತು ಮುಳುಗಿದ್ದರು ಎಂದು ಎಣಿಸುವುದು. ಸ್ಕೂಬಾದ ಮೊದಲನೆಯ ನಿಯಮವೇ ಇದಕ್ಕೆ ವಿರುದ್ಧ: ಎಂದೂ ಉಸಿರು ಹಿಡಿಯಬೇಡ. ಬಾವಿಗೆ ಬೀಳುವವನು ದಡದ ಗಾಳಿಯನ್ನು ಒಯ್ಯುತ್ತಾನೆ. ಕೆಳಗೆ ಹೋದಂತೆ ಅದು ಕುಗ್ಗಿ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಸಿಲಿಂಡರಿನವನು ಆಳದಲ್ಲೇ, ಆಳದ ಒತ್ತಡದಲ್ಲೇ ಎದೆ ತುಂಬಿಕೊಳ್ಳುತ್ತಾನೆ. ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಸೇರುತ್ತದೆ. 10 ಮೀಟರಿನಲ್ಲಿ ಎಳೆದ ಉಸಿರನ್ನು ಬಿಡದೆ ಮೇಲೆ ಬಂದರೆ ಅದು ಎರಡು ಪಟ್ಟು ಹಿಗ್ಗಬೇಕು. ಎದೆಗೂಡಿನಲ್ಲಿ ಅಷ್ಟು ಜಾಗವೆಲ್ಲಿದೆ? ಶ್ವಾಸಕೋಶ ಹರಿಯುತ್ತದೆ. ಇದು ಬಾಯ್ಲ್ 1662ರಲ್ಲಿ ಹೇಳಿದ ನಿಯಮ. ನಮ್ಮ ಹುಡುಗ ಅದನ್ನು ಕಾಲೇಜಿನಲ್ಲಿ ಓದಿ, ಮಾರ್ಕ್ಸ್ ತೆಗೆದುಕೊಂಡು, ಮರೆತಿದ್ದ.

ಈಜುಕೊಳದಲ್ಲಿ ಇನ್‌ಸ್ಟ್ರಕ್ಟರ್ ಅವನ ಗುಳ್ಳೆಗಳನ್ನೇ ನೋಡುತ್ತಿದ್ದರು. ಗುಳ್ಳೆ ನಿಂತರೆ ಉಸಿರು ಹಿಡಿದಿದ್ದಾನೆ ಅಂತ ಅರ್ಥ. ಮತ್ತೆ ಮತ್ತೆ ಭುಜ ತಟ್ಟಿದರು. ಗಾಳಿ ಮುಗಿದರೆ ತುರ್ತಾಗಿ ಮೇಲೆ ಬರುವುದು ಹೇಗೆಂದು ಕಲಿಸುವಾಗ ದಾರಿಯುದ್ದಕ್ಕೂ 'ಆ…' ಎಂದು ಸದ್ದು ಮಾಡುತ್ತಲೇ ಬರಬೇಕು, ಸದ್ದು ಬಂದರೆ ಗಂಟಲು ತೆರೆದಿದೆ ಎಂದು ಖಾತ್ರಿ. ನೀರಿನಡಿಯಲ್ಲಿ ಮಾಸ್ಕ್ ತೆಗೆದು, ಮತ್ತೆ ಹಾಕಿ, ಮೂಗಿನಿಂದ ಗಾಳಿ ಬಿಟ್ಟು ಒಳಗಿನ ನೀರು ಹೊರಗೆ ತಳ್ಳುವುದು. ಬಾಯಿಂದ ಜಾರಿದ ರೆಗ್ಯುಲೇಟರ್ ಹುಡುಕಿ ಕಚ್ಚಿಕೊಳ್ಳುವುದು. ಜೊತೆಗಾರನ ಹೆಚ್ಚುವರಿ ಕೊಳವೆಯಿಂದ ಉಸಿರಾಡುವುದು. ಕೈಸನ್ನೆಯಲ್ಲೂ ಒಂದು ತಮಾಷೆ. ಎಲ್ಲ ಛಲೋ ಇದೆ ಅಂತ ನಮ್ಮವನು ಹೆಬ್ಬೆಟ್ಟು ಎತ್ತಿ ತೋರಿಸಿದ. ಅಲ್ಲಿ ಅದರ ಅರ್ಥ 'ಮೇಲೆ ಹೋಗೋಣ'. ಇನ್‌ಸ್ಟ್ರಕ್ಟರ್ ಅವನನ್ನು ಹಿಡಿದು ಮೇಲೆ ತಂದೇ ಬಿಟ್ಟರು.

ಈಗ ಸಾಮಾನಿನ ಸುದ್ದಿ. ಹೈದರಾಬಾದಿನ ಕೆಲಸದಿಂದ ಉಳಿಸಿದ ದುಡ್ಡು ಅವನ ಜೇಬಿನಲ್ಲಿ ಸುಡುತ್ತಿತ್ತು. ಫೋನಿನ ಕಾರ್ಟಿನಲ್ಲಿ ರೆಗ್ಯುಲೇಟರ್, ಗಾಳಿ ತುಂಬುವ ಜಾಕೆಟ್, ಕಂಪ್ಯೂಟರ್, ವೆಟ್‌ಸೂಟ್, ಕಾಲಿನ ಫಿನ್ಸ್, ಎಲ್ಲ ಕೂತಿದ್ದವು. ಒಂದು ಬಟನ್ ಒತ್ತುವುದಷ್ಟೇ ಬಾಕಿ. ಇಲ್ಲಿನ ಹಳಬರು ಅವನನ್ನು ಕೂರಿಸಿಕೊಂಡು ಒಂದೊಂದನ್ನೇ ಕಾರ್ಟಿನಿಂದ ಇಳಿಸಿದರು.

ಮೊದಲು ಕೊಳ್ಳಬೇಕಾದದ್ದು ಮಾಸ್ಕ್, ಯಾಕೆಂದರೆ ಮುಖ ಬಾಡಿಗೆಗೆ ಸಿಗುವುದಿಲ್ಲ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರೆಳೆದು ಕೈ ಬಿಡಬೇಕು. ಬೀಳದೆ ನಿಂತರೆ ಅದು ನಿನ್ನದು. ಬಣ್ಣ, ಕಂಪನಿ ಆಮೇಲೆ. ನಮ್ಮವನಿಗೆ ಯಾವುದೂ ನಿಲ್ಲಲಿಲ್ಲ. ಕಾರಣ, ನೀನು ದೃಷ್ಟಿ ತೆಗೆಯುತ್ತಿದ್ದ ಆ ಮೀಸೆ! ಕೂದಲಿನ ಸಂದಿಯಿಂದ ನೀರು ಒಳಗೆ ಜಿನುಗುತ್ತದೆ. ಕೆಲವರು ವ್ಯಾಸಲೀನ್ ಸವರುತ್ತಾರೆ, ಕೆಲವರು ಮೂಗಿನ ಕೆಳಗೆ ಒಂದು ಗೀರಷ್ಟು ಬೋಳಿಸುತ್ತಾರೆ. ಇವನು ಗೀರು ಎಳೆಯಲು ಹೋದ, ಓರೆಯಾಯಿತು, ಸರಿಮಾಡುತ್ತ ಮಾಡುತ್ತ ಪೂರ್ತಿ ಹೋಯಿತು.

ಇದಕ್ಕೂ ಮೊದಲು ಹೈದರಾಬಾದಿನಲ್ಲಿ ಮುಖವೆಲ್ಲ ಮುಚ್ಚುವ ಒಂದು ಮಾಸ್ಕ್ ನೋಡಿ ಮನಸೋತಿದ್ದ. ಡೆಕಾಥ್ಲಾನ್ 2014ರಲ್ಲಿ ತಂದ ಈಸಿಬ್ರೆತ್ ಮಾದರಿಯದು. ನೀರಿನ ಮೇಲೆ ತೇಲುತ್ತ ಕೆಳಗೆ ನೋಡಲು ಅದು ಚೆನ್ನ, ಡೈವಿಂಗಿಗೆ ಆಗದು. ಆಳಕ್ಕಿಳಿಯುವಾಗ ಮೂಗು ಹಿಸುಕಿ ಊದಿ ಕಿವಿಯ ಒತ್ತಡ ಸರಿಮಾಡಿಕೊಳ್ಳಬೇಕು. ಅದರಲ್ಲಿ ಮೂಗು ಕೈಗೇ ಸಿಗುವುದಿಲ್ಲ.

ರೆಗ್ಯುಲೇಟರ್ ನಿನ್ನ ಅಡುಗೆಮನೆಯ ಗ್ಯಾಸ್ ಸಿಲಿಂಡರಿನ ಮೇಲಿರುವುದರ ಅಣ್ಣ ಇದ್ದಂತೆ. ಸಿಲಿಂಡರಿನ 200 ಬಾರ್ ಒತ್ತಡವನ್ನು ಎರಡು ಹಂತದಲ್ಲಿ ಇಳಿಸಿ, ಸುತ್ತಲಿನ ನೀರಿನ ಒತ್ತಡದಷ್ಟೇ ಗಾಳಿಯನ್ನು ಬಾಯಿಗೆ ಕೊಡುತ್ತದೆ. 1943ರಲ್ಲಿ ಕುಸ್ತೋ ಮತ್ತು ಗಾನ್ಯಾ ಎಂಬ ಇಬ್ಬರು ಫ್ರೆಂಚರು ಇಂಥದ್ದನ್ನು ಮಾಡಿದ ಮೇಲೆಯೇ ಈ ಆಟ ಸಾಮಾನ್ಯರ ಕೈಗೆ ಬಂದದ್ದು. ಒಳ್ಳೆಯ ಸಾಮಾನು, ಆದರೆ ಕಾಲಕಾಲಕ್ಕೆ ಬಿಚ್ಚಿ ಸರ್ವಿಸ್ ಮಾಡಿಸಬೇಕು. ನಮ್ಮ ಸೇಡಂನಲ್ಲೋ ಚಿಂಚೋಳಿಯಲ್ಲೋ ಅದನ್ನು ಯಾರು ಬಿಚ್ಚುತ್ತಾರೆ? ನಮ್ಮ ಬೇಸಿಗೆಯ ಬಿಸಿಲಿಗೆ ರಬ್ಬರು ಸೀಳುತ್ತದೆ. ಉಪ್ಪು ತೊಳೆಯೋಣವೆಂದರೆ ಬೋರಿನ ಗಡಸು ನೀರು ಬಿಳಿ ಸುಣ್ಣದ ಪದರ ಬಿಟ್ಟು ಹೋಗುತ್ತದೆ. ಸಿಲಿಂಡರಿನ ಆಸೆಯಂತೂ ಹುಚ್ಚು. ಗೆಳೆಯನೊಬ್ಬ ವಾಡಿಯ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಬಹುದು ಅಂದನಂತೆ! ಆ ಯಂತ್ರ ಹತ್ತು ಬಾರ್ ಆಸುಪಾಸಿಗೆ ಸುಸ್ತಾಗುತ್ತದೆ. ಒತ್ತಡ ಸಿಕ್ಕರೂ ಎಣ್ಣೆಯ ಆವಿ ಬೆರೆತ ಗಾಳಿ ಉಸಿರಿಗಲ್ಲ, ಟ್ರ್ಯಾಕ್ಟರಿನ ಗಾಲಿಗೆ.

ಹಾಗಾಗಿ ಸಮುದ್ರದಿಂದ ಇಷ್ಟು ದೂರದವರು ದೊಡ್ಡ ಸಾಮಾನನ್ನೆಲ್ಲ ಬಾಡಿಗೆಗೆ ಪಡೆಯುವುದೇ ಲೇಸು ಎಂಬುದು ನಿನ್ನ ತಮ್ಮನ ತೀರ್ಪು. ಆದರೆ ಬಾಡಿಗೆಯದನ್ನು ಕಣ್ಣುಮುಚ್ಚಿ ತೊಡಬಾರದು. ಮೀಟರಿನ ಮುಳ್ಳು ನೋಡುತ್ತ ಉಸಿರಾಡಬೇಕು, ಮುಳ್ಳು ಕುಣಿದರೆ ವಾಪಸ್. ಗಾಳಿ ಮೂಸಬೇಕು, ವಾಸನೆ ಬಂದರೆ ವಾಪಸ್. ಸಂಕೋಚ ಬೇಡ. ದುಡ್ಡು ಕೂಡಿದ ಮೇಲೆ ಎರಡನೆಯದಾಗಿ ಕೊಳ್ಳಬೇಕಾದದ್ದು ಕೈಗೆ ಕಟ್ಟುವ ಡೈವ್ ಕಂಪ್ಯೂಟರ್. ಆಳ, ಸಮಯ, ಮೇಲೇರುವ ವೇಗ ಎಲ್ಲ ಲೆಕ್ಕವಿಟ್ಟು ತಪ್ಪಿದರೆ ಕೂಗುತ್ತದೆ. ಬರುವ ದೀಪಾವಳಿಗೆ ಅದು ಅಂತ ಒಪ್ಪಂದವಾಗಿದೆ. ಕಾರ್ಟ್ ಖಾಲಿ.

ನೇತ್ರಾಣಿಯಲ್ಲಿ ನಿನ್ನ ಮಗ ಗಿಳಿಮೀನು, ಚಿಟ್ಟೆಮೀನುಗಳ ಹಿಂಡು ನೋಡಿದ. ಒಂದು ಕಡಲಾಮೆಯೂ ಕಂಡಿತಂತೆ. ಹವಳ ಮುಟ್ಟಬೇಡ, ಅದು ಜೀವಂತ ಹುಳು ಕಟ್ಟಿದ ಸುಣ್ಣದ ಮನೆ ಎಂದು ಹೇಳಿದಾಗ, "ನಮ್ಮ ಮನಿ ಫರ್ಸಿನೂ ಸುಣ್ಣದ್ದೇ ಅಲ್ಲೇನು?" ಅಂದ. ಹೌದು, ನಮ್ಮ ಫರ್ಸಿಯ ಶಹಾಬಾದ್ ಕಲ್ಲು ಕೋಟಿಗಟ್ಟಲೆ ವರ್ಷಗಳ ಹಿಂದೆ ಕಡಲ ತಳದಲ್ಲಿ ಕೂತದ್ದೇ. ವಾಡಿಯಲ್ಲಿ ಅದೇ ಸುಣ್ಣಕಲ್ಲನ್ನು ಸುಟ್ಟು ಸಿಮೆಂಟ್ ಮಾಡುತ್ತಾರೆ.

ಇನ್ನು, ಅವನು ನಾಳೆ ಯಾಕೆ ಹೊರಡುವುದಿಲ್ಲ ಎಂಬುದು. ಒತ್ತಡದಲ್ಲಿ ಉಸಿರಾಡಿದವರ ಮೈಯಲ್ಲಿ ಸಾರಜನಕ ಕರಗಿ ಕೂತಿರುತ್ತದೆ. ಅದು ನಿಧಾನಕ್ಕೆ ಹೊರಬರಬೇಕು. ಗಡಿಬಿಡಿಯಲ್ಲಿ ಮೇಲೇರಿದರೆ ರಕ್ತದಲ್ಲಿ ಗುಳ್ಳೆಯಾಗಿ ಕೀಲು, ನರ ಹಿಡಿಯುತ್ತದೆ. ಅದಕ್ಕೇ ಪ್ರತಿ ಡೈವಿನ ಕೊನೆಗೆ 5 ಮೀಟರಿನಲ್ಲಿ ಮೂರು ನಿಮಿಷ ನಿಂತು ಬರುತ್ತಾರೆ. ಇದರ ಲೆಕ್ಕವನ್ನು 1908ರಲ್ಲಿ ಮೊದಲು ಸರಿಯಾಗಿ ಕಟ್ಟಿಕೊಟ್ಟವನು ಸ್ಕಾಟ್ಲೆಂಡಿನ ಜೆ.ಎಸ್. ಹಾಲ್ಡೇನ್, ಪ್ರಯೋಗ ಮಾಡಿದ್ದು ಆಡುಗಳ ಮೇಲೆ. ಅವನ ಮಗ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿನ ಪೌರನಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ. ಸಣ್ಣವನಿದ್ದಾಗ ಅಪ್ಪನ ಪ್ರಯೋಗಕ್ಕಾಗಿ ಅವನೂ ನೀರಿಗಿಳಿದವನೇ.

ಮೇಲೇರುವುದು ಎಂದರೆ ನೀರಿನಿಂದಷ್ಟೇ ಅಲ್ಲ. ಹಲವು ಡೈವ್ ಮಾಡಿದವರು ವಿಮಾನ ಹತ್ತಲು ಕನಿಷ್ಠ 18 ಗಂಟೆ ಕಾಯಬೇಕು. ಬೆಟ್ಟ ಹತ್ತುವುದಕ್ಕೂ ಅದೇ ಎಚ್ಚರ, 300 ಮೀಟರಿಗಿಂತ ಮೇಲೆ ಹೋದರೆ ಲೆಕ್ಕಕ್ಕೆ ಬರುತ್ತದೆ. ಇಲ್ಲಿಂದ ಹುಬ್ಬಳ್ಳಿಗೆ ಘಟ್ಟ ಹತ್ತಲೇಬೇಕು, ಆ ಊರು 600 ಮೀಟರಿಗೂ ಎತ್ತರ. ಕೊನೆಯ ಡೈವ್ ನಾಳೆ ಮಧ್ಯಾಹ್ನ. ನಾಳೆ ರಾತ್ರಿ ಇಲ್ಲೇ ಮಲಗಿ, ಸೋಮವಾರ ಮಧ್ಯಾಹ್ನದ ಬಸ್ಸಿಗೆ ಹುಬ್ಬಳ್ಳಿ, ಅಲ್ಲಿಂದ ಕಲಬುರಗಿ. ಮಂಗಳವಾರ ಮಧ್ಯಾಹ್ನದೊಳಗೆ ಸೇಡಂಗೆ ಬಂದಾನು. ಮಾವನವರಿಗೆ ಹೇಳಿ ಸ್ಟ್ಯಾಂಡಿಗೆ ಒಂದು ಬೈಕ್ ಕಳಿಸು. ಕಾರ್ಡಿನ ಫೀಸಿನ ರಸೀದಿ ಅವನ ಬ್ಯಾಗಿನಲ್ಲಿದೆ, ಒಗೆಯುವಾಗ ನೀರಿಗೆ ಹಾಕಬೇಡ.

ಇಂತಿ,
ನಿನ್ನ ತಮ್ಮ