ಆಯ್ಕೆಪಟ್ಟಿಯ ಪಾಠಾಂತರ

ಗ್ರಂಥಸಂಪಾದನ ಶಾಸ್ತ್ರವನ್ನು ಪಾಠ ಮಾಡುವಾಗ ಪ್ರತಿವರ್ಷವೂ ವಿದ್ಯಾರ್ಥಿಗಳಿಗೆ ನಾನು ಹೇಳುವ ಮಾತೊಂದಿದೆ. ಹತ್ತು ಹಸ್ತಪ್ರತಿಗಳು ಒಂದೇ ಪಾಠವನ್ನು ಕೊಟ್ಟವೆಂಬ ಮಾತ್ರಕ್ಕೆ ಅದು ಶುದ್ಧಪಾಠವಾಗದು. ಹತ್ತೂ ಒಂದೇ ಮಾತೃಪ್ರತಿಯಿಂದ ಇಳಿದುಬಂದಿದ್ದರೆ ಅವು ಹತ್ತು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. ಇದನ್ನು ಇಷ್ಟು ಕಾಲ ಬೋಧಿಸಿದ ನಾನೇ, ಮಗಳು ಎಂಜಿನಿಯರಿಂಗ್ ಕಾಲೇಜನ್ನು ಆರಿಸಿಕೊಳ್ಳಬೇಕಾದ ಸಂದರ್ಭದಲ್ಲಿ ಅದನ್ನು ಪೂರ್ಣವಾಗಿ ಮರೆತೆ.

ಅವಳಿಗೆ ಬೇಕಾಗಿದ್ದುದು ಸಿವಿಲ್ ವಿಭಾಗ. ಅದರ ಬೀಜ ಎಲ್ಲಿ ಬಿದ್ದಿತೆಂಬುದನ್ನು ನಾನು ಬಲ್ಲೆ. ಹಾಸನದವರಾದ ನಮಗೆ ಶೆಟ್ಟಿಹಳ್ಳಿ ದೂರವಲ್ಲ. ಹೇಮಾವತಿಯ ಹಿನ್ನೀರು ಏರಿದಾಗ ಅಲ್ಲಿಯ ಹಳೆಯ ಇಗರ್ಜಿ ಅರ್ಧ ಮುಳುಗುತ್ತದೆ, ಇಳಿದಾಗ ಮತ್ತೆ ಕಾಣಿಸಿಕೊಳ್ಳುತ್ತದೆ. ಸಮೀಪದ ಊರೊಂದರ ವೀರಗಲ್ಲನ್ನು ನೋಡಲು ಹೊರಟಿದ್ದ ನನ್ನೊಡನೆ ಒಮ್ಮೆ ಅವಳೂ ಬಂದಿದ್ದಳು. ಆಗ ಎಂಟನೆಯ ತರಗತಿ. ವೀರಗಲ್ಲು ಅವಳನ್ನು ಸೆಳೆಯಲಿಲ್ಲ. ಇಷ್ಟು ವರ್ಷ ನೆನೆದು ಒಣಗಿದ ಗೋಡೆ ಹೇಗೆ ನಿಂತಿದೆ ಎಂದು ದಾರಿಯುದ್ದಕ್ಕೂ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಸಿಇಟಿ ರ‍್ಯಾಂಕ್ ಬಂದ ಮೇಲೆ ನೆಂಟರು, ಸಹೋದ್ಯೋಗಿಗಳು, ನೆರೆಯವರು, ಎಲ್ಲರದೂ ಒಂದೇ ಪಾಠ: ಬೆಂಗಳೂರು, ಕಂಪ್ಯೂಟರ್ ಸೈನ್ಸ್, ಕಾಲೇಜು ಯಾವುದಾದರೂ ಸರಿ. ಹೊಸ ಖಾಸಗಿ ಕಾಲೇಜೊಂದರ ಹೆಸರನ್ನು ಐವರು ಹೇಳಿದರು. ಐವರನ್ನೂ ಕೆದಕಿದ್ದರೆ ಎಲ್ಲರ ಆಧಾರವೂ ಅದೇ ಕಾಲೇಜಿನ ಪ್ರಚಾರಪತ್ರವೆಂದು ತಿಳಿಯುತ್ತಿತ್ತು. ಅದರಲ್ಲಿ ದಪ್ಪಕ್ಷರದಲ್ಲಿದ್ದುದು ಒಬ್ಬ ವಿದ್ಯಾರ್ಥಿ ಪಡೆದ ಗರಿಷ್ಠ ವೇತನ. ಸಾಲಿನ ನಡುವೆ ನಿಂತವನಿಗೆ ಏನು ಸಿಕ್ಕಿತೆಂಬ ಮಧ್ಯಾಂಕದ ಸಂಖ್ಯೆ ಎಲ್ಲಿಯೂ ಇರಲಿಲ್ಲ. ಕೇಂದ್ರದ ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಕಾಲೇಜುಗಳು ಸಲ್ಲಿಸುವ ವಿವರದಲ್ಲಿ ಅದು ಸಿಗುತ್ತದೆಂದು ತೋರಿಸಿಕೊಟ್ಟವಳು ಮಗಳೇ. ನ್ಯಾಕ್ ಶ್ರೇಣಿ ಇಡೀ ಸಂಸ್ಥೆಗೆ, ಎನ್‌ಬಿಎ ಮಾನ್ಯತೆ ಒಂದೊಂದು ವಿಭಾಗಕ್ಕೆ ಪ್ರತ್ಯೇಕವಾಗಿ ಎಂಬ ಭೇದವನ್ನೂ ಅವಳಿಂದಲೇ ಕಲಿತೆ. ಆಕರಗಳನ್ನು ಮೂಲಕ್ಕೆ ಹೋಗಿ ನೋಡಿದವಳು ಅವಳು.

ಅವಳ ಪಟ್ಟಿಯಲ್ಲಿ ಮೊದಲನೆಯದು ಬೆಂಗಳೂರಿನ ಯುವಿಸಿಇ, ಎರಡನೆಯದು 1946ರಲ್ಲಿ ಆರಂಭವಾದ ಮೈಸೂರಿನ ಎನ್‌ಐಇ, ಮೂರನೆಯದು ನಮ್ಮೂರಿನ ಮಲೆನಾಡು ಕಾಲೇಜು, ಮೂರೂ ಸಿವಿಲ್. ಯುವಿಸಿಇಯ ಬಗೆಗೆ ನನಗೂ ಅಭಿಮಾನವಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ 1915ರಲ್ಲಿ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಈ ಎಂಜಿನಿಯರಿಂಗ್ ಕಾಲೇಜು ಹುಟ್ಟಿದವು. ಪರಿಷತ್ತಿನ ಮೊದಲ ಅಧ್ಯಕ್ಷರಾದ ಎಚ್.ವಿ. ನಂಜುಂಡಯ್ಯನವರೇ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳು. ಇದನ್ನೆಲ್ಲ ಊಟದ ಹೊತ್ತಿನಲ್ಲಿ ವಿವರಿಸಿದೆ. ಮಗಳು ಸೌಜನ್ಯದಿಂದ ಕೇಳಿಸಿಕೊಂಡಳು.

ಅರ್ಜಿಯ ಸಂಗತಿಯೊಂದನ್ನು ಇಲ್ಲಿಯೇ ಹೇಳಬೇಕು. ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5ರ ಮೀಸಲಾತಿಯಿದೆ. ಆ ಅಂಕಣದಲ್ಲಿ 'ಇಲ್ಲ' ಎಂದು ತುಂಬುವಾಗ ಕನ್ನಡ ಅಧ್ಯಾಪಕನಾದ ನನ್ನ ಕೈ ತುಸು ತಡೆಯಿತು. ಮಗಳು ಏನೂ ಅನ್ನಲಿಲ್ಲ.

ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆಯ ಕ್ರಮ ಸರಳವಾದುದು. ರ‍್ಯಾಂಕಿನ ಅನುಕ್ರಮದಲ್ಲಿ ಒಬ್ಬೊಬ್ಬರ ಪಟ್ಟಿಯನ್ನು ಗಣಕಯಂತ್ರ ಮೇಲಿನಿಂದ ಓದುತ್ತ ಬರುತ್ತದೆ. ಲಭ್ಯವಿರುವ ಮೊದಲ ಸೀಟನ್ನು ಕೊಟ್ಟು ಅಲ್ಲಿಗೇ ನಿಲ್ಲುತ್ತದೆ, ಕೆಳಗೇನಿದೆಯೆಂದು ನೋಡುವುದಿಲ್ಲ. ಆದ್ದರಿಂದ ನಿಲುಕದ ಕಾಲೇಜನ್ನು ಮೇಲೆ ಬರೆದರೆ ನಷ್ಟವೇನೂ ಇಲ್ಲ. ಬೇಡವಾದುದನ್ನು ಬೇಕಾದುದಕ್ಕಿಂತ ಮೇಲೆ ಬರೆದರೆ ಮಾತ್ರ ಬೇಕಾದುದು ಕೈತಪ್ಪುತ್ತದೆ. ಕಳೆದ ವರ್ಷದ ಕೊನೆಯ ರ‍್ಯಾಂಕುಗಳನ್ನು ಮುಂದಿಟ್ಟುಕೊಂಡು, ಸಿಗಬಹುದಾದುದನ್ನೇ ಮೇಲೆ ಬರೆಯುವ ತಂದೆತಾಯಿಗಳು ಎಡವುವುದು ಇಲ್ಲಿಯೇ.

ನಾನು ಎಡವಲಿಲ್ಲ, ತಿಳಿದೇ ಮಾಡಿದೆ. ಗುಪ್ತಪದ ನನ್ನ ಬಳಿಯಿತ್ತು. ಮಗಳು ಮಲಗಿದ ಮೇಲೆ ಆ ಹೊಸ ಕಾಲೇಜಿನ ಕಂಪ್ಯೂಟರ್ ಸೈನ್ಸನ್ನು ಕೆಳಗಿನಿಂದ ಎತ್ತಿ ಮೊದಲನೆಯ ಸಾಲಿನಲ್ಲಿಟ್ಟೆ. ಅದು ಅವಳ ಹಿತಕ್ಕೆಂದು ಆ ರಾತ್ರಿ ನಿಜವಾಗಿಯೂ ನಂಬಿದ್ದೆ. ನಾನು ಬಿ.ಎ.ಗೆ ಕನ್ನಡ ಆರಿಸಿಕೊಂಡಾಗ ನನ್ನ ತಂದೆ ಎಂಟು ದಿನ ಮಾತು ಬಿಟ್ಟಿದ್ದರೆಂಬುದು ನೆನಪಿಗೆ ಬಂದಿತ್ತು. ಬಂದರೂ ಕೈ ನಿಲ್ಲಲಿಲ್ಲ.

ಅಂತಿಮ ಹಂಚಿಕೆಗೆ ಮುನ್ನ ಅಣಕು ಹಂಚಿಕೆಯೊಂದು ನಡೆಯುತ್ತದೆ. ಅದರ ಫಲವನ್ನು ನೋಡಿ ಪಟ್ಟಿಯನ್ನು ಬದಲಿಸಿಕೊಳ್ಳಬಹುದು. ಫಲ ಪ್ರಕಟವಾದಾಗ ಮಗಳ ಹೆಸರಿನೆದುರು ಆ ಹೊಸ ಕಾಲೇಜಿತ್ತು. ಅವಳು ಪಟ್ಟಿಯ ಮುದ್ರಿತ ಪ್ರತಿಯನ್ನು ತಂದು ನನ್ನ ಮೇಜಿನ ಮೇಲಿಟ್ಟಳು.

"ಅಪ್ಪ, ಇದು ಲಿಪಿಕಾರನ ದೋಷವೋ, ಸಂಪಾದಕನ ತಿದ್ದುಪಡಿಯೋ?"

ನನ್ನ ಪಾಠಗಳನ್ನು ಅವಳು ಯಾವಾಗ ಕೇಳಿಸಿಕೊಂಡಿದ್ದಳೋ ತಿಳಿಯದು. "ತಿದ್ದುಪಡಿ" ಎಂದೆ. "ಮೂಲಪಾಠ ಅರ್ಥವಾಗುತ್ತಿರುವಾಗ ತಿದ್ದಬಾರದಲ್ಲವೇ?" ಎಂದು ಕೇಳಿದಳು, ದನಿಯಲ್ಲಿ ಸಿಟ್ಟಿರಲಿಲ್ಲ, ಕಣ್ಣು ಮಾತ್ರ ತುಂಬಿತ್ತು. ಪೆನ್ಸಿಲಿನಿಂದ ಮೊದಲ ಸಾಲನ್ನು ಹೊಡೆದು, ಅಂಚಿನಲ್ಲಿ ತನ್ನ ಕ್ರಮವನ್ನು ಮತ್ತೆ ಬರೆದಳು. ಆಮೇಲೆ ಗಣಕಯಂತ್ರದ ಮುಂದೆ ಕುಳಿತು ಗುಪ್ತಪದವನ್ನೂ ಬದಲಿಸಿದಳು.

ಮೊದಲ ಸುತ್ತಿನಲ್ಲಿ ಎರಡನೆಯ ಆಯ್ಕೆಯಾದ ಮೈಸೂರು ಬಂತು. ಅದನ್ನು ಉಳಿಸಿಕೊಂಡೇ ಮೇಲಿನದಕ್ಕೆ ಕಾಯುವ ಅವಕಾಶವನ್ನು ಆರಿಸಿದಳು. ಮುಂದಿನ ಸುತ್ತಿನಲ್ಲೂ ಮೈಸೂರೇ ಉಳಿಯಿತು. ಈಗ ಹಾಸ್ಟೆಲಿನಿಂದ ವಾರಕ್ಕೊಮ್ಮೆ ಫೋನ್ ಬರುತ್ತದೆ. ಕಡ್ಡಾಯವಾಗಿರುವ ಸಾಂಸ್ಕೃತಿಕ ಕನ್ನಡದ ವಿಷಯದಲ್ಲಿ ನನ್ನನ್ನು ಇನ್ನೂ ಏನನ್ನೂ ಕೇಳಿಲ್ಲ. ಪೆನ್ಸಿಲಿನ ಗುರುತುಳ್ಳ ಆ ಹಾಳೆಯನ್ನು, ಸಂಪಾದಿಸಬೇಕೆಂದು ಎತ್ತಿಟ್ಟಿರುವ ಓಲೆಪ್ರತಿಯೊಂದರ ಛಾಯಾಪ್ರತಿಗಳ ಕಡತದಲ್ಲಿ ಇರಿಸಿದ್ದೇನೆ.