ಹೇಳುವ ಬೆಲೆ, ಕೊಡುವ ಬೆಲೆ

ವ್ಯಾಪಾರದಲ್ಲಿ ಬೆಲೆಗಳು ಎರಡು. ಮಾರುವವನು ಹೇಳುವ ಬೆಲೆ ಒಂದು, ಕೊಳ್ಳುವವನು ಕೊಟ್ಟ ಬೆಲೆ ಮತ್ತೊಂದು. ಮೊದಲನೆಯದು ಅಪೇಕ್ಷೆ, ಎರಡನೆಯದು ಮಾತ್ರ ಖಾತೆಗೆ ಏರುವಂಥದು. ನಿತ್ಯಬಳಕೆಯ ಪದಾರ್ಥಗಳಲ್ಲಿ ಇವೆರಡರ ಅಂತರ ಹೆಚ್ಚು ಕಾಲ ನಿಲ್ಲದು. ಬೇಳೆಗೆ ಧಾರಣೆ ಮೀರಿ ಹೇಳಿದರೆ ಗಿರಾಕಿ ಪಕ್ಕದ ಅಂಗಡಿಯ ಮೆಟ್ಟಿಲೇರುತ್ತಾನೆ, ದಾಸ್ತಾನಿಗೆ ಹುಳು ಬೀಳುತ್ತದೆ. ಆದರೆ ಇನ್ನು ತಯಾರಾಗದ, ಹೊಟ್ಟೆಪಾಡಿಗೆ ಬೇಡದ, ಕೇವಲ ಮೋಹದಿಂದ ಕೊಳ್ಳುವ ವಸ್ತುಗಳಲ್ಲಿ ಈ ಅಂತರ ವರ್ಷಗಟ್ಟಲೆ ಉಳಿಯಬಲ್ಲದು. ಅಮೆರಿಕದಲ್ಲಿ ಹಳೆಯ ಜಪಾನೀ ಸ್ಪೋರ್ಟ್ಸ್ ಕಾರುಗಳಿಗೆ, ಅವುಗಳಲ್ಲಿಯೂ ಒಂದು ಕಾಲಕ್ಕೆ ಹೆಚ್ಚಿನವರು ಬಯಸದೆ ಬಿಟ್ಟಿದ್ದವುಗಳಿಗೆ, ಈಚಿನ ವರ್ಷಗಳಲ್ಲಿ ಹೇಳಲಾಗುತ್ತಿರುವ ಬೆಲೆಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ನಿಸ್ಸಾನ್ ಕಂಪನಿಯು ಡಾಟ್ಸನ್ ಎಂಬ ಹೆಸರಿನಲ್ಲಿ ಮಾರಿದ ಝಡ್ ಕಾರುಗಳ ವಂಶವನ್ನೇ ತೆಗೆದುಕೊಳ್ಳಬಹುದು. ಇದರ ಹಿರಿಯನಾದ 240ಝಡ್ 1970ರ ಮಾದರಿಯಾಗಿ ಅಮೆರಿಕದ ಮಾರುಕಟ್ಟೆಗೆ ಬಂದಾಗ ಅದರ ಬೆಲೆ 3,526 ಡಾಲರ್. ಹಣದ ಮೌಲ್ಯ ಇಳಿದುದನ್ನು ಲೆಕ್ಕ ಹಿಡಿದರೆ ಇದು ಇಂದಿನ 28-30 ಸಾವಿರ ಡಾಲರಿಗೆ ಸಮ. ಆರು ಸಿಲಿಂಡರಿನ ಎಂಜಿನ್, ನೀಳವಾದ ಮೂತಿ, ಹಿಂದಕ್ಕೆ ಇಳಿಜಾರಾದ ಮಾಡು. ಇಂಥ ಅಂದದ ಯುರೋಪಿನ ಕಾರುಗಳು ಇದಕ್ಕಿಂತ ಬಹಳ ದುಬಾರಿಯಾಗಿದ್ದವು. ಅಮೆರಿಕದಲ್ಲಿ ನಿಸ್ಸಾನಿನ ವಹಿವಾಟು ನೋಡಿಕೊಳ್ಳುತ್ತಿದ್ದ ಯುತಾಕಾ ಕಾತಾಯಾಮಾ ಈ ಕಾರಿನ ಪೋಷಕರು. ಜಪಾನಿನಲ್ಲಿ ಇದಕ್ಕಿದ್ದ ‘ಫೇರ್‌ಲೇಡಿ’ ಎಂಬ ಹೆಸರು ಅಮೆರಿಕದ ಗಿರಾಕಿಗೆ ಒಪ್ಪದೆಂದು ಕಂಡು, ಅದನ್ನು ತೆಗೆದು ಅಂಕೆಯನ್ನೇ ಹೆಸರಾಗಿಸಿದವರೂ ಅವರೇ. 2015ರಲ್ಲಿ ತಮ್ಮ 105ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಸಾಮಾನ್ಯ ಸಂಬಳದವನೂ ಕೊಳ್ಳಬಹುದಾದ ಸ್ಪೋರ್ಟ್ಸ್ ಕಾರು ಎಂಬುದೇ ಈ ವಂಶಕ್ಕೆ ಬಂದ ಕೀರ್ತಿಯ ಮೂಲವೆಂಬುದನ್ನು ಮುಂದಿನ ಮಾತಿಗಾಗಿ ನೆನಪಿಟ್ಟುಕೊಳ್ಳಬೇಕು.

ಹಿರಿಯನ ಅದೃಷ್ಟ ತಮ್ಮಂದಿರಿಗೆ ಇರಲಿಲ್ಲ. 1974ರ 260ಝಡ್ ಅಮೆರಿಕದ ಹೊಸ ನಿಯಮಗಳಿಗೆ ಸಿಕ್ಕಿ ಭಾರವಾದ ಬಂಪರುಗಳನ್ನು ಹೊತ್ತಿತು. ಅದರ ಕಾರ್ಬ್ಯುರೇಟರುಗಳು ಎಷ್ಟು ಕಾಡಿದವೆಂದರೆ, ಎಷ್ಟೋ ಮಂದಿ ಅವನ್ನು ಕಿತ್ತು ಹಿಂದಿನ ಮಾದರಿಯವನ್ನೇ ಕೂರಿಸಿಕೊಂಡರು. ಅದೇ ವರ್ಷ ಹಿಂಬದಿಯಲ್ಲಿ ಇನ್ನೆರಡು ಸಣ್ಣ ಆಸನಗಳನ್ನಿಟ್ಟ 2+2 ಎಂಬ ಉದ್ದನೆಯ ರೂಪವೂ ಬಂತು. ಮಕ್ಕಳೊಂದಿಗರಿಗೆ ಅನುಕೂಲವಾದರೂ ಮಾಡಿನ ಇಳಿಜಾರು ಕೆಟ್ಟಿತೆಂಬುದು ರಸಿಕರ ದೂರು. 1978ರ ಕೊನೆಗೆ ಬಂದ 280ಝಡ್‌ಎಕ್ಸ್ ಇನ್ನೂ ಮೆತ್ತಗಾಯಿತು. ಓಟದ ಚುರುಕಿಗಿಂತ ಮೆತ್ತೆಯ ಸುಖಕ್ಕೆ ಒಲಿದ ಕಾರು ಅದು. ಮಾರಾಟದಲ್ಲಿ ಅದೇನೂ ಸೋತದ್ದಲ್ಲ, ಚೆನ್ನಾಗಿಯೇ ಬಿಕರಿಯಾಯಿತು. ಆದರೆ ಹಳತಾದ ಮೇಲೆ ಅದನ್ನು ಹಂಬಲಿಸುವವರು ಕಡಿಮೆಯಾದರು. ಆ ಮೇಲಿನ ಗತಿಯಂತೂ ವಿಚಿತ್ರ. ಅದರ 2.8 ಲೀಟರಿನ ಎಂಜಿನ್, ವಿಶೇಷವಾಗಿ 1981ರಿಂದ ಬಂದ ಟರ್ಬೋ ಎಂಜಿನ್, ಐದು ಗೇರುಗಳ ಪೆಟ್ಟಿಗೆ, ಹಿಂಚಕ್ರದ ಡಿಸ್ಕ್ ಬ್ರೇಕು, ಇವೆಲ್ಲ ಹಿರಿಯ 240ಝಡ್ಡಿಗೆ ಹೊಂದಿಸಿಕೊಳ್ಳಲು ಬರುತ್ತಿದ್ದವು. ಹೀಗಾಗಿ ತಮ್ಮನನ್ನು ಬಿಚ್ಚಿ ಅಣ್ಣನನ್ನು ಬಲಪಡಿಸುವ ಕೆಲಸ ದಶಕಗಳ ಕಾಲ ನಡೆಯಿತು. ಉಳಿದ ತಗಡು ಗುಜರಿಗೆ ಹೋಯಿತು.

ಈಗ ಬೆಲೆಯ ಮಾತು. 1997ರ ಸುಮಾರಿಗೆ ನಿಸ್ಸಾನ್ ಕಂಪನಿ ತಾನೇ ಹಳೆಯ 240ಝಡ್ಡುಗಳನ್ನು ಕೊಂಡು, ಕುಶಲಕರ್ಮಿಗಳಿಂದ ಹೊಸದರಂತೆ ಮಾಡಿಸಿ, ತನ್ನ ಮಾರಾಟಗಾರರ ಮೂಲಕ ಸುಮಾರು 25 ಸಾವಿರ ಡಾಲರಿಗೆ ಮಾರಿತು. ಮಾರಿದ್ದು ಐವತ್ತಕ್ಕೂ ಕಡಿಮೆ; ಖರ್ಚು ಕೈಮೀರುವ ಕೆಲಸವದು. ಬಳಿಕ 2001ರಲ್ಲಿ ‘ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್’ ಚಲನಚಿತ್ರ ಬಂದು ಜಪಾನೀ ಕಾರುಗಳ ಮೋಹವನ್ನು ಒಂದು ಪೀಳಿಗೆಯ ಹುಡುಗರಲ್ಲಿ ಬಿತ್ತಿತು. ಆ ಹುಡುಗರು ದೊಡ್ಡವರಾಗಿ ಗಳಿಸತೊಡಗಿದ ಮೇಲೆ ಬಿತ್ತಿದ್ದು ಫಲಕ್ಕೆ ಬಂತು. 2019ರಲ್ಲಿ 1994ರ ಟೊಯೋಟಾ ಸುಪ್ರಾ ಒಂದು ಹರಾಜಿನಲ್ಲಿ 1,73,600 ಡಾಲರಿಗೆ ಹೋಯಿತು. ಆ ಚಿತ್ರದಲ್ಲೇ ಬಳಸಿದ್ದ ಸುಪ್ರಾ 2021ರಲ್ಲಿ 5,50,000 ಡಾಲರ್ ತಂದಿತು. ನಡುವೆ, 2020ರ ಜನವರಿಯಲ್ಲಿ, ಬಹಳ ಕಡಿಮೆ ಓಡಿದ್ದು ಮೂಲಸ್ಥಿತಿಯಲ್ಲೇ ಇದ್ದ 1971ರ 240ಝಡ್ ಒಂದು 3,10,000 ಡಾಲರಿಗೆ ಮಾರಾಟವಾಯಿತು. ಅನಂತರ ಮಹಾಮಾರಿಯ ಕಾಲ. ಬಡ್ಡಿ ಅಗ್ಗ, ಹೊಸ ಕಾರುಗಳ ಕೊರತೆ, ಮನೆಯಲ್ಲಿ ಕುಳಿತವರ ಕೈಯಲ್ಲಿ ಹಣ.

ಈ ಒಂದು ಮಾರಾಟದ ಸುದ್ದಿ ಊರೂರು ಸುತ್ತಿತು. ಎಲ್ಲಿಯೋ ಒಂದು ಕೊಟ್ಟಿಗೆಯಲ್ಲಿ ಹತ್ತು ವರ್ಷದಿಂದ ಕದಲದೆ ನಿಂತ 260ಝಡ್ 2+2 ಕಾರಿನ ಒಡೆಯನಾದ ಗೃಹಸ್ಥನೊಬ್ಬನನ್ನು ಊಹಿಸಿಕೊಳ್ಳಿ. ಅವನು ಕೆಟ್ಟವನಲ್ಲ. ಅಣ್ಣನಿಗೆ ಮೂರು ಲಕ್ಷವಾದರೆ ತಮ್ಮನಿಗೆ ಅದರ ಹತ್ತನೆಯ ಒಂದು ಪಾಲಾದರೂ ಬಾರದೆ ಎಂದು ಅವನು ಎಣಿಸುತ್ತಾನೆ. ಎಣಿಕೆ ಸರಿಯೆ ಎಂದು ಪರೀಕ್ಷಿಸಲು ಇತರರು ತಮ್ಮ ತಮ್ಮ ಕಾರುಗಳಿಗೆ ಏನು ಹೇಳುತ್ತಿದ್ದಾರೆಂದು ಜಾಹೀರಾತುಗಳಲ್ಲಿ ನೋಡುತ್ತಾನೆ. ತಪ್ಪು ಹುಟ್ಟುವುದು ಇಲ್ಲಿಯೇ. ಯೋಗ್ಯ ಬೆಲೆ ಹೇಳಿದ ಕಾರು ಒಂದೆರಡು ವಾರದಲ್ಲಿ ಮಾರಾಟವಾಗಿ ಜಾಹೀರಾತಿನಿಂದ ಮರೆಯಾಗುತ್ತದೆ. ಮಿತಿಮೀರಿ ಹೇಳಿದ ಕಾರು ತಿಂಗಳಾದರೂ ವರ್ಷವಾದರೂ ಅಲ್ಲಿಯೇ ನಿಂತಿರುತ್ತದೆ. ಆದ್ದರಿಂದ ಯಾವ ದಿನ ನೋಡಿದರೂ ಪಟ್ಟಿಯಲ್ಲಿ ಹೆಚ್ಚಾಗಿ ಕಾಣುವುದು ಯಾರೂ ಕೊಡಲೊಪ್ಪದ ಬೆಲೆಗಳೇ. ಗೃಹಸ್ಥನು ಅದನ್ನೇ ಮಾರುಕಟ್ಟೆಯೆಂದು ನಂಬಿ, ತನ್ನ ಬೆಲೆಯನ್ನೂ ಆ ಸಾಲಿಗೆ ಸೇರಿಸುತ್ತಾನೆ. ಮುಂದೆ ನೋಡುವವನಿಗೆ ಇವನದೂ ಒಂದು ಸಾಕ್ಷಿ. ಒಂದು ಕಾಸೂ ಕೈಬದಲಾಗದೆ ಧಾರಣೆ ಏರಿದಂತೆ ತೋರುವ ಬಗೆ ಇದು. 2022ರ ಮಾರ್ಚಿಯಿಂದ ಅಲ್ಲಿನ ಕೇಂದ್ರ ಬ್ಯಾಂಕು ಬಡ್ಡಿ ಏರಿಸುತ್ತ ಹೋದಂತೆ ಕೊಳ್ಳುವವರ ಉತ್ಸಾಹ ತಗ್ಗಿತು. ಆದರೆ ಹೇಳುವ ಬೆಲೆಗೆ ಏರುವ ಮೆಟ್ಟಿಲು ಗೊತ್ತಿರುವಷ್ಟು ಇಳಿಯುವ ಮೆಟ್ಟಿಲು ಗೊತ್ತಿರುವುದಿಲ್ಲ.

ಇದರಿಂದ ಯಾರಿಗೆ ನಷ್ಟ? ಕೊಳ್ಳದಿದ್ದರೆ ಆಯಿತಲ್ಲ ಎನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡಬೇಕು. ಈ ಕಾರುಗಳ ದೊಡ್ಡ ಶತ್ರು ತುಕ್ಕು. ಕಾಲಡಿಯ ತಗಡು, ಅದರ ಕೆಳಗೆ ಭಾರ ಹೊರುವ ಉಕ್ಕಿನ ತೊಲೆಗಳು, ಬ್ಯಾಟರಿ ಕೂರುವ ತಟ್ಟೆ, ಇವೆಲ್ಲ ಮೇಲಿನ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನಿಂದ ತಿಂದುಹೋಗಿರುತ್ತವೆ. ತಗಡು ಬೆಸೆಯುವವನಾಗಲಿ ಬಣ್ಣ ಹೊಡೆಯುವವನಾಗಲಿ ಕಾರಿನ ವಂಶ ಕೇಳಿ ಕೂಲಿ ಹೇಳುವುದಿಲ್ಲ. ಉದಾಹರಣೆಗೆಂದು ಹೀಗೆ ಹಿಡಿಯೋಣ: ದುರಸ್ತಿಗೆ 15 ಸಾವಿರ; ದುರಸ್ತಿಯಾದ ಅಣ್ಣನಿಗೆ ಬರುವುದು 50, ತಮ್ಮನಿಗೆ 20. ಅಣ್ಣನ ಕೆಟ್ಟ ಕಾರಿಗೆ 30 ಕೊಟ್ಟು ಕೊಂಡರೂ ಕೊಂಡವನಿಗೆ ಉಸಿರಾಡಲು ಜಾಗವುಂಟು. ತಮ್ಮನಿಗೆ 5ಕ್ಕಿಂತ ಹೆಚ್ಚು ಕೊಟ್ಟವನು ಚಕ್ರ ಉರುಳುವ ಮೊದಲೇ ನಷ್ಟದಲ್ಲಿರುತ್ತಾನೆ. ಒಡೆಯನು ಹೇಳುವುದು 12. ಬಲ್ಲವನು ಬಿಟ್ಟು ಹೋಗುತ್ತಾನೆ. ಕಾರು ಕೊಟ್ಟಿಗೆಯಲ್ಲಿಯೇ ಉಳಿಯುತ್ತದೆ. ತುಕ್ಕು ಮಾತ್ರ ತನ್ನ ಕೆಲಸ ಮುಂದುವರಿಸುತ್ತದೆ. ಮುಂದಿನ ವರ್ಷ ದುರಸ್ತಿಗೆ 15 ಸಾಲದು, 18 ಬೇಕು. ಬೆಲೆ ಹಿಡಿದು ಕುಳಿತವನು ತನ್ನ ಸೊತ್ತನ್ನೇ ದಿನದಿನಕ್ಕೆ ಸವೆಸುತ್ತಿರುತ್ತಾನೆ, ಆದರೆ ಅದು ಅವನ ಯಾವ ಖಾತೆಯಲ್ಲಿಯೂ ಕಾಣುವುದಿಲ್ಲ.

ಇನ್ನೊಬ್ಬ ನಷ್ಟಗೊಂಡವನಿದ್ದಾನೆ. ಯಾರೂ ಬಯಸದ ಈ ಕಾರುಗಳು ಎಷ್ಟೋ ಕಾಲ ಬಡ ಉತ್ಸಾಹಿಯ ಶಾಲೆಯಾಗಿದ್ದವು. ಒಂದೆರಡು ತಿಂಗಳ ಕೂಲಿ ಕೂಡಿಸಿ ಹಳೆಯ 280ಝಡ್‌ಎಕ್ಸ್ ಕೊಂಡ ಹುಡುಗ, ಅದನ್ನು ಬಿಚ್ಚಿ ಜೋಡಿಸುತ್ತ ಎಂಜಿನ್ನಿನ ವಿದ್ಯೆ ಕಲಿಯುತ್ತಿದ್ದ. ತಪ್ಪಿದರೂ ಹೋಗುವುದು ಅಲ್ಪವೇ ಆಗಿತ್ತು. ಸಾಮಾನ್ಯನಿಗೆಂದೇ ಹುಟ್ಟಿದ ವಂಶದ ಕಟ್ಟಕಡೆಯ ಬಾಗಿಲೂ ಅವನಿಗೆ ಮುಚ್ಚುತ್ತಿರುವುದು ಸಣ್ಣ ಸಂಗತಿಯೆನ್ನಲಾಗದು.

ಆದರೂ ಏರಿದ ಬೆಲೆಯನ್ನು ಬರಿದೇ ಹಳಿಯುವುದು ನ್ಯಾಯವಲ್ಲ. ಅಗ್ಗವಾಗಿದ್ದ ಕಾಲದಲ್ಲಿ ಈ ಕಾರುಗಳ ಗತಿ ಏನಾಗಿತ್ತೆಂಬುದನ್ನು ಮೇಲೆ ಹೇಳಿದೆ. ಬೆಲೆಯಿಲ್ಲದ್ದನ್ನು ಯಾರೂ ಕಾಯುವುದಿಲ್ಲ. ಬೆಲೆ ಬಂದ ಮೇಲೆಯೇ ಬಿಚ್ಚುವ ಕೈಗಳು ತಡೆದವು. ಮತ್ತೊಂದು ಮಾತೂ ಉಂಟು. ಗಂಡ ತೀರಿಕೊಂಡ ಬಳಿಕ ಕೊಟ್ಟಿಗೆ ತೆರವು ಮಾಡಲು ಹೊರಟ ವೃದ್ಧೆಯಿಂದ, ಕಾರಿನ ನಿಜವಾದ ಬೆಲೆ ಬಲ್ಲವನು ಅದನ್ನು ಬಾಯಿಬಿಡದೆ ನೂರಿನ್ನೂರು ಡಾಲರಿಗೆ ಎತ್ತಿಕೊಂಡು ಹೋದರೆ, ಹೆಚ್ಚು ಹೇಳುವ ಮಾರಾಟಗಾರನಿಗಿಂತ ಅವನ ವ್ಯವಹಾರ ಹೇಗೆ ಶುದ್ಧವಾದೀತು? ಕೊಳ್ಳುವವನ ಲೋಭಕ್ಕೆ ಜಾಣತನವೆಂದೂ ಮಾರುವವನ ಲೋಭಕ್ಕೆ ದುರಾಸೆಯೆಂದೂ ಹೆಸರಿಡುವುದು ವ್ಯಾಪಾರ ಬಲ್ಲವರಿಗೆ ಒಪ್ಪುವ ಮಾತಲ್ಲ. ಹೇಳುವ ಬೆಲೆ ಏರಿದ್ದರಿಂದ ಅಂಥ ವೃದ್ಧೆಯೂ ಈಗ ಒಮ್ಮೆ ವಿಚಾರಿಸಿ ನೋಡುವಂತಾಗಿದೆ.

ಹೆಚ್ಚು ಕೇಳುವುದೇ ಸುಳ್ಳಲ್ಲ. ಕೇಳಿದ್ದನ್ನು ನಿರಾಕರಿಸುವ ಹಕ್ಕು ಎದುರಿನವನಿಗೆ ಇದ್ದೇ ಇದೆ. ಸುಳ್ಳು ಸೇರುವುದು ಬೆಲೆಯ ಜೊತೆಗೆ ಬರುವ ಮಾತುಗಳಲ್ಲಿ. ಹೇರಳವಾಗಿ ಮಾರಾಟವಾದ ಮಾದರಿಯನ್ನು ‘ಅಪರೂಪದ್ದು’ ಎನ್ನುವುದು. ಮೂರು ಲಕ್ಷದ ಆ ಕಾರಿನ ಹೆಸರೆತ್ತಿ, ಅದರ ಸ್ಥಿತಿ ಏನಿತ್ತೆಂಬುದನ್ನು ಎತ್ತದಿರುವುದು. ‘ಸ್ವಲ್ಪ ಮೇಲ್ಮೈ ತುಕ್ಕು’ ಎಂದು ಬರೆದು ತೊಲೆಯ ಮೇಲೆ ದಪ್ಪನೆಯ ಕಪ್ಪು ಬಣ್ಣ ಬಳಿದಿಡುವುದು. ಹಳೆಯ ಕಾರುಗಳ ವಿಮೆ ಮಾಡುವ ಹ್ಯಾಗರ್ಟಿ ಸಂಸ್ಥೆ ತನ್ನ ಬೆಲೆಪಟ್ಟಿಯಲ್ಲಿ ಒಂದೇ ಕಾರಿಗೆ ಸ್ಥಿತಿಯನ್ನು ನೋಡಿ ನಾಲ್ಕು ದರ್ಜೆಗಳನ್ನಿಟ್ಟು ನಾಲ್ಕು ಬೆಲೆ ಕೊಡುತ್ತದೆ. ಕಾರು ನಾಲ್ಕನೆಯ ದರ್ಜೆಯದಾಗಿದ್ದರೂ ಒಡೆಯನ ಕಣ್ಣು ಒಂದನೆಯ ದರ್ಜೆಯ ಅಂಕಣದಲ್ಲೇ ನೆಟ್ಟಿರುವುದು ಮನುಷ್ಯಸ್ವಭಾವ.

ಬೇರೆ ಬಗೆಯವರೂ ಇಲ್ಲದಿಲ್ಲ. ಕಾರನ್ನು ಮೇಲೆತ್ತಿ ಅಡಿಭಾಗದ ಚಿತ್ರಗಳನ್ನೇ ಮೊದಲು ತೋರಿಸಿ, ತುಕ್ಕು ತಿಂದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ದುರಸ್ತಿಗೆ ತಗಲಬಹುದಾದ ಖರ್ಚನ್ನು ಕಳೆದು ಬೆಲೆ ಹೇಳುವವರಿದ್ದಾರೆ. ಅಂಥವರ ಕಾರು ಪಟ್ಟಿಯಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ. ಆದ್ದರಿಂದಲೇ ಕೊಟ್ಟಿಗೆಯ ಗೃಹಸ್ಥನಿಗೆ ಆ ಬೆಲೆ ಎಷ್ಟಿತ್ತೆಂಬುದು ಕಣ್ಣಿಗೆ ಬೀಳುವುದೇ ಇಲ್ಲ.