ಇತಿಹಾಸಕಾರನ ಮೌನ

ಮಾನಕ್ಕಾಗಿ ಪ್ರಾಣ ತೆತ್ತ ವೀರರ ಕಥೆಗಳು ಎಲ್ಲ ದೇಶಗಳಲ್ಲಿಯೂ ಉಂಟು. ಗ್ರಂಥವೊಂದು ಅರ್ಧಕ್ಕೆ ನಿಂತೀತೆಂದು ಮಾನವನ್ನೇ ತೆತ್ತು ಬದುಕಿದವನ ಕಥೆ ಅಪರೂಪ. ಅಂಥವನು ಚೀನಾದ ಸಿಮಾ ಚಿಯೆನ್. ಹಾನ್ ವಂಶದ ಚಕ್ರವರ್ತಿ ವೂ ಎಂಬವನ ಆಸ್ಥಾನದಲ್ಲಿ ಇತಿಹಾಸ ಮತ್ತು ಪಂಚಾಂಗಗಳ ಅಧಿಕಾರಿ.

ಕ್ರಿ.ಪೂ. 99ರಲ್ಲಿ ಲಿ ಲಿಂಗ್ ಎಂಬ ದಂಡನಾಯಕನು 5,000 ಕಾಲಾಳುಗಳೊಡನೆ ಉತ್ತರದ ಶಿಯೋಂಗ್‌ನು ಅಲೆಮಾರಿಗಳ ನಾಡನ್ನು ಹೊಕ್ಕನು. ಹತ್ತಾರು ಸಾವಿರ ಸವಾರರು ಮುತ್ತಿದರು. ಹಿಂದೆ ಸರಿಯುತ್ತಲೇ ಕಾದಿದನು. ಬಾಣಗಳು ಮುಗಿದವು, ನೆರವು ಬರಲಿಲ್ಲ, ಶರಣಾದನು. ಗಡಿಗೆ ಮರಳಿದವರು ಸುಮಾರು 400 ಮಂದಿ. ಮೊದಲು ಗೆಲವಿನ ಸುದ್ದಿ ಬಂದಾಗ ಹಿಗ್ಗಿದ ಸಭಾಸದರೇ ಈಗ ದೂಷಣೆಗೆ ತೊಡಗಿದರು. ಚಕ್ರವರ್ತಿ ಕೇಳಿದನೆಂದು ಸಿಮಾ ಚಿಯೆನ್ ಲಿ ಲಿಂಗನ ಪರವಾಗಿ ನುಡಿದನು. ಅವರಿಬ್ಬರೂ ಆಪ್ತ ಮಿತ್ರರೇನಲ್ಲ. ಆದರೆ ಆ ದಂಡಯಾತ್ರೆಯ ಮುಖ್ಯ ಸೇನಾಪತಿ ಚಕ್ರವರ್ತಿಯ ಪ್ರಿಯರಾಣಿಯ ಸೋದರ. ಅವನನ್ನು ಹೀಗಳೆಯಲೆಂದೇ ಈ ಮಾತು ಬಂದಿತೆಂದು ಅರಸನು ಭಾವಿಸಿದನು. ಶಿಕ್ಷೆಯಾಯಿತು. ಹಣ ತೆತ್ತು ಪಾರಾಗಬಹುದಿತ್ತು. ಹಣವಿರಲಿಲ್ಲ, ಗೆಳೆಯರೂ ಕೈನೀಡಲಿಲ್ಲ. ಮಾನವಂತನಾದವನು ಇಂಥಲ್ಲಿ ತಾನೇ ಪ್ರಾಣ ಬಿಡಬೇಕೆಂಬುದು ಅಂದಿನ ಲೋಕದ ನಿರೀಕ್ಷೆ. ಅವನು ಪುರುಷತ್ವಹರಣದ ಶಿಕ್ಷೆಗೆ ಒಡ್ಡಿಕೊಂಡು ಬದುಕಿದನು. ಕ್ರಿ.ಪೂ. 110ರಲ್ಲಿ ತಂದೆ ಮರಣಶಯ್ಯೆಯಲ್ಲಿ ಕೈಹಿಡಿದು, ಕಣ್ಣೀರಿಟ್ಟು ಒಪ್ಪಿಸಿದ್ದ ಕೆಲಸ ಉಳಿದಿತ್ತು. ಅದೇ ‘ಷೀಜಿ’: 130 ಅಧ್ಯಾಯಗಳು, ಐದು ಲಕ್ಷಕ್ಕೂ ಮಿಕ್ಕ ಅಕ್ಷರಗಳು.

ಆಶ್ರಯವಿತ್ತ ಅರಸನನ್ನು ಕಥಾನಾಯಕನೊಡನೆ ಒಂದಾಗಿಸಿ ಹಾಡಿದ ಕಾವ್ಯಗಳನ್ನು ಪಾಠ ಹೇಳುವ ನಾನು, ಇದರ ಇಂಗ್ಲಿಷ್ ಅನುವಾದವನ್ನು ತೆರೆದದ್ದು ಒಂದೇ ಕುತೂಹಲದಿಂದ. ತನ್ನ ಬಾಳನ್ನೇ ಕೆಡಿಸಿದ ಆ ಪ್ರಕರಣವನ್ನು ಇವನು ಹೇಗೆ ಬರೆದಿರಬಹುದು?

ಲಿ ಲಿಂಗನ ತಾತ ಲಿ ಗುವಾಂಗನಿಗೆ ಒಂದು ಅಧ್ಯಾಯವೇ ಮೀಸಲು. ಎಪ್ಪತ್ತಕ್ಕೂ ಹೆಚ್ಚು ಕದನಗಳನ್ನು ಕಂಡರೂ ಸಾಮಂತಪದವಿ ದೊರೆಯದ ವೃದ್ಧ ದಂಡನಾಯಕ ಅವನು. ನೀರು ಸಿಕ್ಕಿದೆಡೆಯಲ್ಲಿ ಸೈನಿಕರೆಲ್ಲರೂ ಕುಡಿಯುವ ತನಕ ತಾನು ನೀರಿನ ಬಳಿ ಸುಳಿಯುತ್ತಿರಲಿಲ್ಲ. ಕ್ರಿ.ಪೂ. 119ರಲ್ಲಿ ದಾರಿತಪ್ಪಿ ತಡವಾಗಿ ಬಂದುದಕ್ಕೆ, ವಿಚಾರಣೆಯ ಗುಮಾಸ್ತರೆದುರು ನಿಲ್ಲಲೊಲ್ಲದೆ ಕತ್ತು ಕೊಯ್ದುಕೊಂಡನು. ಅವನನ್ನು ತಾನು ಕಂಡಿದ್ದೆನೆಂದೂ, ಮಾತು ಬಾರದ ಹಳ್ಳಿಗನಂತೆ ತೋರಿದನೆಂದೂ ಗ್ರಂಥಕರ್ತನು ಬರೆಯುತ್ತಾನೆ. ಎಷ್ಟು ಅಕ್ಕರೆ ಆ ಪುಟಗಳಲ್ಲಿ!

ಲಿ ಲಿಂಗನಿಗೋ, ಅದೇ ಅಧ್ಯಾಯದ ತುದಿಯಲ್ಲಿ ಕೆಲವೇ ಸಾಲುಗಳು. ಹೋದನು, ಕಾದಿದನು, ಶರಣಾದನು, ಮನೆತನದ ಹೆಸರು ಕೆಟ್ಟಿತು. ಸಮರ್ಥನೆಯಿಲ್ಲ, ಸಭೆಯಲ್ಲಿ ತಾನಾಡಿದ ಮಾತಿನ ಸುಳಿವೂ ಅಲ್ಲಿಲ್ಲ. ಇದು ಭಯವೆಂದು ನಾನು ಒಪ್ಪಲಾರೆ. ಅಮರತ್ವದ ಹುಚ್ಚು ಹತ್ತಿ ಮಾಂತ್ರಿಕರ ಬೆನ್ನುಬಿದ್ದ ಅದೇ ಚಕ್ರವರ್ತಿಯನ್ನು ಇದೇ ಗ್ರಂಥ ಬಿಟ್ಟುಕೊಟ್ಟಿಲ್ಲ. ತನ್ನ ವ್ಯಾಜ್ಯವನ್ನು ಇತಿಹಾಸದೊಳಗೆ ನುಗ್ಗಿಸಬಾರದೆಂಬ ಸಂಯಮ ಇದೆಂದೇ ನನ್ನ ಭಾವನೆ.

ಎದೆಯನ್ನು ಅವನು ತೋಡಿಕೊಂಡದ್ದು ರೆನ್ ಆನ್ ಎಂಬ ಪರಿಚಿತ ಅಧಿಕಾರಿಗೆ ಬರೆದ ಪತ್ರದಲ್ಲಿ. ರೆನ್ ಆನ್ ಆಗ ಮರಣದಂಡನೆಯನ್ನು ಕಾಯುತ್ತ ಸೆರೆಯಲ್ಲಿದ್ದನು. ಆ ಅವಮಾನ ನೆನಪಾದಾಗಲೆಲ್ಲ ಬೆನ್ನಿನ ಬೆವರಿನಿಂದ ಬಟ್ಟೆ ತೋಯುವುದೆಂದು ಅಲ್ಲಿ ಹೇಳಿದ್ದಾನೆ. ಆ ಪತ್ರವನ್ನು ಹಾನ್ ವಂಶದ ಇತಿಹಾಸದಲ್ಲಿ ಸೇರಿಸಿ ನಮಗೆ ಉಳಿಸಿಕೊಟ್ಟವನು ಬಾನ್ ಗು. ಅವನೂ ಕ್ರಿ.ಶ. 92ರಲ್ಲಿ ಸೆರೆಮನೆಯಲ್ಲೇ ತೀರಿಕೊಂಡನು. ಉಳಿದ ಭಾಗವನ್ನು ಪೂರೈಸುವ ಹೊಣೆ ತಂಗಿ ಬಾನ್ ಝಾವೊಳ ಪಾಲಿಗೆ ಬಂದಿತು.